ಅತ್ತೆ ಕಪ್ಪು ತುಂಬಿದ ಕಣ್ಣುಗಳು

ನನ್ನ ಪಿಎಚ್‌ಡಿಗೆ ಮೂರು ವರ್ಷದ ಶಿಷ್ಯವೇತನ ಕೊಟ್ಟ ಪ್ರತಿಷ್ಠಾನದ ಅರ್ಜಿ ನಲವತ್ತು ಪುಟಗಳದ್ದು. ಮೂವತ್ತೊಂದನೆಯ ಪುಟದಲ್ಲಿ ಒಂದು ಪ್ರಶ್ನೆ ಇತ್ತು: ಈ ಸಂಶೋಧನೆಗೆ ಸಂಬಂಧಪಟ್ಟ ಕೆಲಸ ಮಾಡುವವರು ನಿಮ್ಮ ಕುಟುಂಬದಲ್ಲಿ ಇದ್ದಾರೆಯೇ? ನಾನು ‘ಇಲ್ಲ’ ಎಂದು ಬರೆದೆ. ಬರೆದದ್ದು ಅಪ್ಪನ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು, ಅಲ್ಲಿ ಇಂಟರ್‌ನೆಟ್ ಚೆನ್ನಾಗಿ ಸಿಗುತ್ತದೆಂದು. ನನ್ನಿಂದ ಎರಡು ಮಾರು ದೂರದಲ್ಲಿ ನನ್ನ ಅತ್ತೆ, ಅಪ್ಪನ ಅಕ್ಕ, ಕಂಪ್ಯೂಟರಿನ ಮುಂದೆ ಬಗ್ಗಿ ಯಾವುದೋ ಮಗುವಿನ ಕಣ್ಣಿಗೆ ಕಪ್ಪು ತುಂಬುತ್ತಿದ್ದಳು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೈಯೆಲ್ಲ ಉರಿಯುತ್ತದೆ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಇರಲಿ ಬಿಡಿ. ತಣ್ಣಗಾದ ಮೇಲೆ ಬರೆಯೋಣವೆಂದು ಒಂದು ವರ್ಷ ಕಾದೆ, ತಣ್ಣಗಾಗಲಿಲ್ಲ. ಆದ್ದರಿಂದ ಅತ್ತೆಯ ಕಥೆಯನ್ನು ಬಿಸಿ ಇರುವಾಗಲೇ ಹೇಳುತ್ತಿದ್ದೇನೆ.

ಅತ್ತೆ ಈ ಕೆಲಸಕ್ಕೆ ಕೂತಾಗ ಅವಳಿಗೆ ಹದಿನೈದು ವರ್ಷ. ಆಗ ಸ್ಟುಡಿಯೋ ನಮ್ಮ ತಾತನದು. ಓರೆಯಾಗಿ ನಿಲ್ಲಿಸಿದ ಗಾಜು, ಅದರ ಹಿಂದೆ ದೀಪ, ಗಾಜಿನ ಮೇಲೆ ನೆಗೆಟಿವ್. ಪೆನ್ಸಿಲ್ಲನ್ನು ಉಪ್ಪುಕಾಗದಕ್ಕೆ ಉಜ್ಜಿ ಉಜ್ಜಿ ಸೂಜಿಯಂತೆ ಮೊನಚು ಮಾಡಿಕೊಂಡು, ಅದರಿಂದ ಮೊಡವೆ, ಕಲೆ, ಕಣ್ಣಿನ ಕೆಳಗಿನ ಸುಕ್ಕು ಎಲ್ಲವನ್ನೂ ಮುಚ್ಚುವುದು. ಇದಕ್ಕೆ ಅಂಗಡಿಯವರು ಟಚಿಂಗ್ ಎನ್ನುತ್ತಾರೆ. ನಮ್ಮ ಬೀದಿಯಲ್ಲಿ ಅತ್ತೆಯ ಹೆಸರೇ ಟಚಿಂಗ್ ಅಕ್ಕ ಎಂದಾಗಿಹೋಗಿತ್ತು. ಊರಿನ ಅರ್ಧ ಜನರ ಮುಖ ಅವಳಿಗೆ ಬಾಯಿಪಾಠ, ಆದರೆ ಅವರಲ್ಲಿ ಹತ್ತು ಜನರೂ ಅವಳ ಮುಖ ನೋಡಿದವರಲ್ಲ. ಗಿರಾಕಿಗಳ ಜೊತೆ ಮಾತಾಡುವುದು ಅಪ್ಪನ ಕೆಲಸ. ಇವಳು ಹಿಂದಿನ ಕೋಣೆಯಿಂದ ಹೊರಗೆ ಬರುತ್ತಿದ್ದುದು ಊಟಕ್ಕೆ ಮಾತ್ರ.

ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ ಅವಳ ಉತ್ತರ ಸಿದ್ಧವಾಗಿರುತ್ತಿತ್ತು. “ಬಂದ ಗಂಡುಗಳ ಫೋಟೋಗೆಲ್ಲ ನಾನೇ ಟಚಿಂಗ್ ಮಾಡಿದ್ದು. ಒರಿಜಿನಲ್ ಹೇಗಿದೆ ಅಂತ ಗೊತ್ತಿದ್ದೂ ಒಪ್ಕೊಳ್ಳೋಕಾಗುತ್ತಾ?”

ಕಂಪ್ಯೂಟರ್ ಬಂದಾಗ ಅವಳಿಗೆ ನಲವತ್ತು. ಹನ್ನೊಂದು ದಿನಕ್ಕೆ ಕಲಿತಳು. ಅಪ್ಪ ಇವತ್ತಿಗೂ ಒಂದು ಫೈಲ್ ಹುಡುಕಲು “ಅಕ್ಕಾ” ಎಂದು ಕೂಗುತ್ತಾರೆ. ಮಕ್ಕಳ ಫೋಟೋಗಳೆಂದರೆ ಅವಳಿಗೆ ಬಲು ಪ್ರೀತಿ. ಪುಟ್ಟ ಮಕ್ಕಳು ಛತ್ರಿ ದೀಪದ ಮುಂದೆ ಸುಮ್ಮನೆ ಕೂರುವುದಿಲ್ಲವಲ್ಲ, ಅಪ್ಪ ಕ್ಯಾಮೆರಾ ಮೇಲಿನ ಫ್ಲ್ಯಾಶ್ ಹಾಕಿಕೊಂಡು ನೆಲದ ಮೇಲೆ ತೆವಳುತ್ತಾ ಕ್ಲಿಕ್ಕಿಸುತ್ತಾರೆ. ಹಾಗೆ ನೇರವಾಗಿ ಬೆಳಕು ಬಿದ್ದರೆ ಕಣ್ಣಿನ ಪಾಪೆ ಕೆಂಪಾಗಿ ಬರುತ್ತದೆ, ಕೆಲವೊಮ್ಮೆ ಬೆಳ್ಳಗೆ ಬರುತ್ತದೆ. ಅತ್ತೆ ಅದನ್ನು ಕಪ್ಪು ಮಾಡುತ್ತಿದ್ದಳು. ಬರೀ ಕಪ್ಪು ಬಳಿದರೆ ಕಣ್ಣು ಸತ್ತ ಹಾಗೆ ಕಾಣುತ್ತದೆಂದು, ಪಾಪೆಯ ಎಡಗಡೆ ಮೇಲೆ ಒಂದು ಸಣ್ಣ ಬೆಳಕಿನ ಚುಕ್ಕಿ ಇಡುತ್ತಿದ್ದಳು. ಅದಕ್ಕೆ ಅವಳು ಇಟ್ಟ ಹೆಸರು ಜೀವದ ಚುಕ್ಕಿ.

ಇನ್ನು ನನ್ನ ಕೆಲಸ. ಎಳೆ ಮಕ್ಕಳ ಕಣ್ಣಿನ ಹಿಂಪರದೆಯಲ್ಲಿ ಒಂದು ಬಗೆಯ ಕ್ಯಾನ್ಸರ್ ಗಡ್ಡೆ ಬೆಳೆಯುತ್ತದೆ. ಮಗುವಿಗೆ ನೋವಿರುವುದಿಲ್ಲ, ಹೇಳಲು ಮಾತೂ ಬಂದಿರುವುದಿಲ್ಲ. ಆದರೆ ಫ್ಲ್ಯಾಶ್ ಹಾಕಿ ಫೋಟೋ ತೆಗೆದರೆ ಆ ಗಡ್ಡೆಯ ಮೇಲೆ ಬಿದ್ದ ಬೆಳಕು ವಾಪಸ್ ಬಂದು, ಪಾಪೆ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯುತ್ತದೆ. ಬೇಗ ಕಂಡರೆ ಕಣ್ಣು ಉಳಿಯುತ್ತದೆ. ತಡವಾದರೆ ಕಣ್ಣು ತೆಗೆಯಬೇಕು. ಇನ್ನೂ ತಡವಾದರೆ ಅದು ಮಿದುಳಿಗೆ ಹೋಗುತ್ತದೆ. ಮನೆಯಲ್ಲಿ ತೆಗೆದ ಸಾಮಾನ್ಯ ಫೋಟೋಗಳಲ್ಲಿ ಈ ಬಿಳಿಯನ್ನು ಗುರುತಿಸುವ ಕಂಪ್ಯೂಟರ್ ಪ್ರೋಗ್ರಾಂ ಮಾಡುವುದು ನನ್ನ ಸಂಶೋಧನೆ. ಅದಕ್ಕೆ ರೋಗ ಪತ್ತೆಯಾಗುವ ಮೊದಲು ತೆಗೆದ ಫೋಟೋಗಳು ಬೇಕು. ಕಣ್ಣಾಸ್ಪತ್ರೆಯ ನೆಲಮಾಳಿಗೆಯಲ್ಲಿ, ಹಳೆಯ ಮಂಚಗಳನ್ನು ಪೇರಿಸಿಟ್ಟ ಉಗ್ರಾಣದ ಪಕ್ಕ ನನಗೊಂದು ಮೇಜು ಕೊಟ್ಟಿದ್ದರು. ಚಿಕಿತ್ಸೆಗೆ ಬಂದ ಮಕ್ಕಳ ತಂದೆತಾಯಿ ಅಲ್ಲಿಗೆ ಫೋಟೋ ತಂದು ಕೊಡುತ್ತಿದ್ದರು.

ಎರಡನೆಯ ವರ್ಷದ ಕೊನೆಯಲ್ಲಿ ಒಬ್ಬ ಕೊಳಾಯಿ ರಿಪೇರಿಯವನು ಎರಡೂವರೆ ವರ್ಷದ ಮಗನನ್ನು ಎತ್ತಿಕೊಂಡು ಬಂದ. ಹುಡುಗನ ಒಂದು ಕಣ್ಣು ತೆಗೆದಾಗಿತ್ತು. ಕಂಕುಳಲ್ಲಿ ಕಟ್ಟು ಹಾಕಿಸಿದ ದೊಡ್ಡ ಫೋಟೋ.

“ಇದು ಹನ್ನೊಂದು ತಿಂಗಳಿದ್ದಾಗ ತೆಗೆಸಿದ್ದು ಮೇಡಂ. ನೋಡಿ, ಆಗ ಏನೂ ಇರ್ಲಿಲ್ಲ” ಎಂದ.

ಡಾಕ್ಟರ ವರದಿ ನನ್ನ ಮುಂದೆಯೇ ಇತ್ತು. ಆ ಗಾತ್ರದ ಗಡ್ಡೆ ಹನ್ನೊಂದನೆಯ ತಿಂಗಳಲ್ಲಿ ಫೋಟೋದಲ್ಲಿ ಕಾಣದೆ ಇರಲು ಸಾಧ್ಯವೇ ಇಲ್ಲ. ಕಣ್ಣುಗಳನ್ನು ಹತ್ತಿರದಿಂದ ನೋಡಿದೆ. ಎರಡೂ ಅಚ್ಚ ಕಪ್ಪು. ಎರಡರಲ್ಲೂ ಎಡಗಡೆ ಮೇಲೆ ಒಂದೇ ಅಳತೆಯ ಬೆಳಕಿನ ಚುಕ್ಕಿ. ನನ್ನ ಬಾಲ್ಯದ ಫೋಟೋಗಳಲ್ಲೆಲ್ಲ ನನ್ನ ಕಣ್ಣಲ್ಲಿ ಇರುವುದು ಅದೇ ಚುಕ್ಕಿ. ಕಟ್ಟಿನ ಹಿಂಭಾಗ ತಿರುಗಿಸಿದರೆ ನಮ್ಮ ಸ್ಟುಡಿಯೋದ ಮೊಹರು.

ಅವನಿಗೆ ಏನು ಹೇಳಿದೆನೋ ನೆನಪಿಲ್ಲ. ಫೋಟೋ ಇಸಿದುಕೊಂಡು ಸ್ಟುಡಿಯೋಗೆ ಹೋದೆ. ಅಪ್ಪ ಯಾರಿಗೋ ಪಾಸ್‌ಪೋರ್ಟ್ ಫೋಟೋ ಕತ್ತರಿಸಿ ಕೊಡುತ್ತಿದ್ದರು. ಅವರನ್ನು ದಾಟಿ ನೇರ ಹಿಂದಿನ ಕೋಣೆಗೆ ನುಗ್ಗಿ, ಫೋಟೋವನ್ನು ಅತ್ತೆಯ ಮೇಜಿನ ಮೇಲೆ ಇಟ್ಟೆ.

“ಈ ಕಣ್ಣಿಗೆ ಕಪ್ಪು ಹಾಕಿದ್ದು ಯಾರು?”

“ನಾನೇ. ಇನ್ಯಾರು ಹಾಕ್ತಾರೆ?” ಎಂದಳು ಅತ್ತೆ. “ಎಷ್ಟು ಚೆನ್ನಾಗಿ ಬಂದಿದೆ ನೋಡು. ಒಂದು ಕಣ್ಣು ಪೂರ್ತಿ ಬೆಳ್ಳಗಿತ್ತು ಕಣೇ, ಅರ್ಧ ದಿನ ಹಿಡೀತು.”

ಆಮೇಲೆ ನಾನು ಆಡಿದ ಮಾತುಗಳನ್ನು ಬರೆಯಲಾರೆ. ಹೆತ್ತವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರೂ ಸಿಗದ ಸುಳಿವನ್ನು ನೀನು ಅರ್ಧ ದಿನ ಕೂತು ಅಳಿಸಿದೆ ಎಂದೆ. ಆ ಹುಡುಗನ ಕಣ್ಣು ಈಗ ಗಾಜಿನದು ಎಂದೆ. ಅಪ್ಪ ಬಾಗಿಲಲ್ಲಿ ನಿಂತು, “ಮೆಲ್ಲಗೆ ಮಾತಾಡಮ್ಮ, ಹೊರಗೆ ಗಿರಾಕಿಗಳಿದ್ದಾರೆ. ಕಣ್ಣು ಬೆಳ್ಳಗೆ ಬಂದ್ರೆ ಫೋಟೋ ಸರಿ ಇಲ್ಲ ಅಂತ ವಾಪಸ್ ತರ್ತಾರೆ, ನಾವೇನು ಮಾಡೋದು?” ಎಂದರು. ಅವರ ಮೇಲೂ ಹರಿಹಾಯ್ದೆ.

ಅತ್ತೆ ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡಳು, ಮತ್ತೆ ತೆಗೆದಳು.

“ನೀನು ಇದನ್ನೇ ಓದ್ತಿರೋದಾ? ಎರಡು ವರ್ಷದಿಂದ?”

“ಹೂಂ.”

“ಮನೇಲಿ ಒಂದು ದಿನ ಹೇಳಿದ್ಯಾ? ನಾನು ಎಷ್ಟು ಸಲ ಕೇಳಿದ್ದೀನಿ, ಏನು ಕೆಲಸ ಪುಟ್ಟಿ ನಿಂದು ಅಂತ. ಏನಂದೆ ನೀನು?”

ಇಮೇಜಿಂಗ್, ಅತ್ತೆ. ನಿನಗೆ ಅರ್ಥ ಆಗಲ್ಲ. ನಾನು ಹೇಳಿದ್ದು ಅಷ್ಟೇ, ಅದೂ ಮೊಬೈಲಿನಿಂದ ತಲೆ ಎತ್ತದೆ. ದೇಶವಿದೇಶದ ಸಮ್ಮೇಳನಗಳಲ್ಲಿ ಈ ಬಿಳಿಯ ಬಗ್ಗೆ ಗಂಟೆಗಟ್ಟಲೆ ಮಾತಾಡಿದವಳು ನಾನು, ಒಂದೇ ಮನೆಯಲ್ಲಿ ಉಣ್ಣುವ ಟಚಿಂಗ್ ಮಾಡುವವಳಿಗೆ ಒಂದು ನಿಮಿಷ ಹೇಳಲಿಲ್ಲ. ಅವಳ ಪ್ರಶ್ನೆ ಮುಖಕ್ಕೆ ಹೊಡೆದ ಹಾಗಾಯಿತು. ಅಲ್ಲಿಂದ ನನ್ನ ಕೋಪ, ಹೋಗಲು ಬೇರೆ ಮನೆಯಿಲ್ಲದೆ, ನನ್ನ ಹತ್ತಿರವೇ ಬಂದು ಕೂತಿದೆ.

ಅತ್ತೆ ಅಲಮಾರಿಯ ಮೇಲಿನಿಂದ ಒಂದು ತಗಡಿನ ಡಬ್ಬ ಇಳಿಸಿದಳು. ಒಳಗೆ ಹಳೆಯ ಹಾರ್ಡ್‌ಡಿಸ್ಕುಗಳು. ಟಚಿಂಗ್ ಮಾಡದ ಮೂಲ ಫೋಟೋವನ್ನು ಅವಳು ಎಂದೂ ಅಳಿಸಿದವಳಲ್ಲ. ಯಾರಾದರೂ ಬಂದು ‘ಇದು ನನ್ನ ಮುಖ ಅಲ್ಲ’ ಎಂದು ಜಗಳ ತೆಗೆದರೆ ಮೊದಲಿನಿಂದ ಮಾಡಬೇಕಲ್ಲ, ಅದಕ್ಕೆ. ಇನ್ನೊಂದು ಅಭ್ಯಾಸವೂ ಇತ್ತು. ಕೆಂಪು ಕಣ್ಣನ್ನು ಕಂಪ್ಯೂಟರ್ ತಾನೇ ಒಂದು ಕ್ಲಿಕ್ಕಿಗೆ ಸರಿಮಾಡುತ್ತದೆ, ಬಿಳಿಯನ್ನು ಮಾಡುವುದಿಲ್ಲ. ಬಿಳಿಗೆ ಕೈಯಲ್ಲೇ ಬಳಿಯಬೇಕು. ಹಾಗೆ ಕಷ್ಟ ಕೊಟ್ಟ ಫೈಲುಗಳ ಹೆಸರಿನ ಕೊನೆಗೆ ಅವಳು ‘ಬಿಳಿ’ ಎಂದು ಸೇರಿಸುತ್ತಿದ್ದಳು.

ಹುಡುಕಿದರೆ ನೂರಾ ಹದಿನೇಳು ಫೈಲು ಬಂದವು.

ಎಲ್ಲ ಬಿಳಿಯೂ ರೋಗವಲ್ಲ. ಮಗು ಮೂಗಿನ ಕಡೆಗೆ ಸ್ವಲ್ಪ ಓರೆಯಾಗಿ ನೋಡಿದ್ದರೆ, ಕಣ್ಣಿನ ನರದ ತುದಿಯ ಮೇಲೆ ಬೆಳಕು ಬಿದ್ದು ಆರೋಗ್ಯವಂತ ಕಣ್ಣೂ ಬೆಳ್ಳಗೆ ಬರುತ್ತದೆ. ಎರಡು ದಿನ ಇಬ್ಬರೂ ಪಕ್ಕಪಕ್ಕ ಕೂತು ಒಂದೊಂದನ್ನೇ ನೋಡಿದೆವು. ನನ್ನ ಪ್ರೋಗ್ರಾಂ ಹೇಳುವುದಕ್ಕೆ ಮೊದಲೇ ಅತ್ತೆ ಹೇಳುತ್ತಿದ್ದಳು. “ಇದು ಬಿಡು, ಮಗು ಪಕ್ಕಕ್ಕೆ ನೋಡಿದೆ, ಮುಂದಿನ ಫೋಟೋದಲ್ಲಿ ಕೆಂಪಿದೆ. ಇದು ನೋಡು, ಎಲ್ಲ ಭಂಗಿಯಲ್ಲೂ ಒಂದೇ ಕಣ್ಣು. ಅಂಚಲ್ಲಿ ಹಳದಿ ಇದೆ. ಈ ಹಳದಿ ಮುಚ್ಚೋಕೆ ನಾನು ಪಟ್ಟ ಪಾಡು ನಂಗೇ ಗೊತ್ತು.” ಕೊನೆಗೆ ಉಳಿದದ್ದು ಒಂಬತ್ತು ಮಕ್ಕಳು. ಅವರಲ್ಲಿ ನಾಲ್ವರು ಆಗಲೇ ನಮ್ಮ ಆಸ್ಪತ್ರೆಯ ಪಟ್ಟಿಯಲ್ಲಿದ್ದರು. ಐದು ಮಕ್ಕಳ ವಿಷಯ ಯಾರಿಗೂ ಗೊತ್ತಿರಲಿಲ್ಲ. ಐದರಲ್ಲಿ ನಾಲ್ಕು ಹಳೆಯ ಫೋಟೋಗಳು. ಕೊನೆಯದು ಏಳು ವಾರದ ಹಿಂದಿನದು. ಒಂಬತ್ತು ತಿಂಗಳಿನ ಹೆಣ್ಣುಮಗು, ಎಡಗಣ್ಣು, ಮೂರೂ ಫೋಟೋದಲ್ಲಿ.

ಮಾರನೆಯ ದಿನ ಬೆಳಿಗ್ಗೆಯೇ ನನ್ನ ಗೈಡ್ ಹತ್ತಿರ ಓಡಿದೆ. ಅವರು ಫೋಟೋಗಳನ್ನು ನೋಡಿ ಕುರ್ಚಿಯಿಂದ ಎದ್ದೇ ನಿಂತರು. “ಟಚಿಂಗ್‌ಗೆ ಮುಂಚೆ, ಟಚಿಂಗ್ ಆದ್ಮೇಲೆ, ಎರಡೂ ಇದೆಯಾ? ಇದು ಬಂಗಾರದ ಗಣಿ ಕಣಮ್ಮ. ಇಂಥ ಡೇಟಾ ಯಾರ ಹತ್ರನೂ ಇಲ್ಲ.”

“ಸರ್, ಈ ಮಗೂನ ಮೊದ್ಲು ಹುಡುಕಬೇಕು.”

“ಅದು ಹಾಗೆಲ್ಲ ಆಗಲ್ಲ. ನಮ್ಮ ಅನುಮತಿ ಇರೋದು ಹೆಸರಿಲ್ಲದ ಫೋಟೋ ಬಳಸೋಕೆ. ಮನೆಯವರನ್ನ ಸಂಪರ್ಕ ಮಾಡಬೇಕಂದ್ರೆ ಎಥಿಕ್ಸ್ ಕಮಿಟಿ ಒಪ್ಪಬೇಕು. ಮುಂದಿನ ತಿಂಗಳು ಹದಿನೆಂಟಕ್ಕೆ ಸಭೆ ಇದೆ, ಅರ್ಜಿ ಹಾಕು.”

“ಅಷ್ಟು ದಿನ ಕಾಯೋಕಾಗಲ್ಲ ಸರ್.”

“ನೀನು ಡಾಕ್ಟರಾ? ನಿನ್ನ ಪ್ರೋಗ್ರಾಂ ಇನ್ನೂ ಪರೀಕ್ಷೆ ಪಾಸಾಗಿಲ್ಲ. ಸುಮ್ನೆ ಒಬ್ಬ ತಾಯಿಗೆ ಕ್ಯಾನ್ಸರ್ ಅಂತ ಹೆದರಿಸಿ, ಆಮೇಲೆ ಅಲ್ಲ ಅಂತಾದ್ರೆ? ಮೊದ್ಲು ಮುಖಗಳನ್ನ ಮಸುಕು ಮಾಡಿ ನಂಬರ್ ಹಾಕು.”

ಅವರ ಮಾತಿನಲ್ಲಿ ಅರ್ಥವಿಲ್ಲವೆಂದು ನಾನು ಹೇಳುವುದಿಲ್ಲ. ನಿಯಮ ಮಾಡಿದವರು ಮೂರ್ಖರಲ್ಲ. ಆದರೆ ಮಗುವಿನ ಕಣ್ಣೊಳಗೆ ಬೆಳೆಯುತ್ತಿರುವುದಕ್ಕೆ ಹದಿನೆಂಟನೇ ತಾರೀಕಿನ ಸಭೆಯ ವಿಷಯ ಯಾರು ತಿಳಿಸುತ್ತಾರೆ? ಇದನ್ನು ನಾನು ಅವರ ಮುಖದ ಮೇಲೆ ಕೇಳಬೇಕಿತ್ತು. ಕೇಳಲಿಲ್ಲ. ಮನೆಯಲ್ಲಿ ಹುಲಿಯಾಗಿದ್ದವಳು ಅಲ್ಲಿ “ಸರಿ ಸರ್” ಎಂದು ಬಾಲ ಮುದುರಿಕೊಂಡು ಬಂದೆ. ಶಿಷ್ಯವೇತನದ ಮೂರನೆಯ ವರ್ಷದ ಪತ್ರಕ್ಕೆ ಸಹಿ ಹಾಕಬೇಕಾದವರು ಅವರೇ.

ಅತ್ತೆಗೆ ವಿಷಯ ಹೇಳಿದೆ. ಅವಳು ಕೊನೆಯವರೆಗೆ ಕೇಳಿಸಿಕೊಂಡಳು.

“ಆ ಫೋಟೋ ಯಾರದು? ನಿಮ್ಮ ಕಮಿಟಿದಾ?”

“ಅಲ್ಲ.”

“ನಮ್ಮ ಗಿರಾಕಿದು. ನಾನು ಮಾಡಿದ ಕೆಲಸ ಸರಿ ಇಲ್ಲ, ವಾಪಸ್ ತಗೊಳ್ಳಿ ಅಂತ ಹೇಳೋಕೆ ನಂಗೆ ಯಾರ ಅಪ್ಪಣೆನೂ ಬೇಡ.”

ಅಪ್ಪ ಅಡ್ಡ ಬಂದರು. “ಅಕ್ಕಾ, ಸ್ವಲ್ಪ ಯೋಚನೆ ಮಾಡು. ಇದು ಹೊರಗೆ ಬಿದ್ರೆ ಯಾರಾದ್ರೂ ನಮ್ಮ ಹತ್ರ ಮಕ್ಕಳನ್ನ ಕರ್ಕೊಂಡು ಬರ್ತಾರಾ? ಅಪ್ಪನ ಕಾಲದಿಂದ ಬಂದ ಅಂಗಡಿ.”

“ಬರದಿದ್ರೆ ಬೇಡ ಬಿಡೋ” ಎಂದಳು ಅತ್ತೆ. ಅವಳು ತಮ್ಮನಿಗೆ ಗದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಿಲ್ಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಅದು ಬಳಕೆಯಲ್ಲೇ ಇರಲಿಲ್ಲ. ವಿಳಾಸ ಬರೆದುಕೊಳ್ಳುವ ರೂಢಿ ನಮ್ಮಲ್ಲಿಲ್ಲ. ಅತ್ತೆ ಮೂಲ ಫೋಟೋವನ್ನು ಮತ್ತೆ ತೆರೆದಳು. ಗಿರಾಕಿಗೆ ಕೊಡುವಾಗ ಅಂಚು ಕತ್ತರಿಸಿರುತ್ತಾಳೆ. ಮೂಲದಲ್ಲಿ ಅಂಚು ಹಾಗೇ ಇತ್ತು. ಮಗು ಬೀಳದಂತೆ ಪಕ್ಕದಿಂದ ಹಿಡಿದುಕೊಂಡ ತಾಯಿಯ ಕೈ, ಕೈಯ ಹತ್ತಿರ ಕೊರಳಿನಿಂದ ಜೋತುಬಿದ್ದ ಗುರುತಿನ ಚೀಟಿಯ ಅರ್ಧ. ದೊಡ್ಡದು ಮಾಡಿದಾಗ ಊರಾಚೆಯ ಬ್ರೆಡ್ ಫ್ಯಾಕ್ಟರಿಯ ಚಿಹ್ನೆ ಕಂಡಿತು. ಮಣಿಕಟ್ಟಿನ ಮೇಲೆ ಬಿಸಿ ತಟ್ಟೆ ತಗುಲಿ ಸುಟ್ಟ ಮೂರು ಗೆರೆ.

ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ನಾವು ಫ್ಯಾಕ್ಟರಿ ಗೇಟಿನಲ್ಲಿದ್ದೆವು. ನಾವು ಎನ್ನಲು ನಾಚಿಕೆಯಾಗುತ್ತದೆ. ಗೇಟಿನಲ್ಲಿ ನಿಂತದ್ದು ಅತ್ತೆ. ನಾನು ರಸ್ತೆಯ ಆಚೆ, ಸೈಕಲ್ ಅಂಗಡಿಯ ಮುಂದೆ, ಅವಳ ಪರಿಚಯವೇ ಇಲ್ಲದವಳಂತೆ ನಿಂತಿದ್ದೆ. ಯಾರಾದರೂ ಕೇಳಿದರೆ ಸಂಶೋಧಕಿ ಸಂಪರ್ಕಿಸಲಿಲ್ಲ ಎಂದು ಹೇಳಬಹುದಲ್ಲ! ನಲವತ್ತಮೂರು ವರ್ಷ ಕೋಣೆಯಿಂದ ಹೊರಗೆ ಬಾರದವಳು ಹೊರಬರುತ್ತಿದ್ದ ಹೆಂಗಸರ ಕೈಗಳನ್ನೇ ನೋಡುತ್ತಾ ನಿಂತಿದ್ದಳು. ಅಲ್ಲಿ ಕೆಲಸ ಮಾಡುವ ಎಲ್ಲರ ಕೈಯಲ್ಲೂ ಸುಟ್ಟ ಕಲೆ. ಅತ್ತೆ ಮಾತ್ರ ಅಷ್ಟು ಜನರ ನಡುವೆ ಸರಿಯಾಗಿ ಒಂದು ಕೈಯನ್ನು ಹಿಡಿದು ನಿಲ್ಲಿಸಿದಳು.

ಆ ಹುಡುಗಿಗೆ ಇಪ್ಪತ್ತಮೂರಿರಬೇಕು. ಅತ್ತೆ ಚೀಲದಿಂದ ಮೂಲ ಫೋಟೋ ತೆಗೆದು ಕೊಟ್ಟಳು. ಹುಡುಗಿ ನೋಡಿದಳು, ಹುಬ್ಬು ಗಂಟಿಕ್ಕಿದಳು, ವಾಪಸ್ ಕೊಟ್ಟಳು. ಅಷ್ಟು ಹೊತ್ತಿಗೆ ನನಗೆ ತಡೆಯಲಾಗದೆ ರಸ್ತೆ ದಾಟಿ ಹತ್ತಿರ ಬಂದಿದ್ದೆ.

“ಇದು ನನ್ನ ಮಗು ಅಲ್ಲ ಅಮ್ಮ. ಬಟ್ಟೆ ಮಾತ್ರ ಅದೇ ಥರ ಇದೆ” ಎಂದಳು ಅವಳು. ಮೊಬೈಲು ತೆಗೆದು ನಮ್ಮ ಸ್ಟುಡಿಯೋದ ಫೋಟೋ ತೋರಿಸಿದಳು. “ನೋಡಿ, ಇವಳು ನನ್ನ ಮಗಳು. ಕಣ್ಣು ಹೇಗಿದೆ ನೋಡಿ.”

ಅಚ್ಚ ಕಪ್ಪು ಕಣ್ಣುಗಳು. ಅತ್ತೆ ಆ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಇದು ನಿನ್ನ ಮಗಳ ಕಣ್ಣಲ್ಲಮ್ಮ. ನಾನು ಬರೆದದ್ದು. ಬೆಳ್ಳಗಿತ್ತು, ನಾನು ಕಪ್ಪು ಮಾಡಿದೆ. ತಪ್ಪು ಮಾಡಿದೆ. ಈಗಲೇ ಕಣ್ಣಾಸ್ಪತ್ರೆಗೆ ಹೋಗೋಣ ಬಾ.”

ಹುಡುಗಿ ಬೈಯುತ್ತಾಳೆ ಎಂದುಕೊಂಡೆ. ಅವಳು ಮಗುವನ್ನು ಬಿಟ್ಟಿದ್ದ ಅಕ್ಕಪಕ್ಕದವರ ಮನೆಯ ಕಡೆಗೆ ಓಡಿದಳು. ಅತ್ತೆ ಐವತ್ತೆಂಟರ ಮೊಣಕಾಲು ಎಳೆದುಕೊಂಡು ಅವಳ ಹಿಂದೆ ಓಡಿದಳು.

ಇಲ್ಲಿಯೇ ಉಳಿದದ್ದನ್ನೂ ಹೇಳಿಬಿಡುತ್ತೇನೆ. ನನಗೆ ಕಮಿಟಿಯಿಂದ ನೋಟಿಸು ಬಂತು, ಮೂರನೆಯ ವರ್ಷದ ಶಿಷ್ಯವೇತನ ತಡೆಹಿಡಿದರು. ಈಗ ಒಂದು ಶಾಲೆಯಲ್ಲಿ ಪಾಠ ಮಾಡುತ್ತಾ ಪ್ರಬಂಧ ಬರೆಯುತ್ತಿದ್ದೇನೆ. ಉಳಿದ ನಾಲ್ಕು ಮಕ್ಕಳಲ್ಲಿ ಮೂವರನ್ನು ಅತ್ತೆ ಹುಡುಕಿದಳು. ಇಬ್ಬರಿಗೆ ಆಗಲೇ ಬೇರೆ ಊರಿನಲ್ಲಿ ಚಿಕಿತ್ಸೆಯಾಗಿತ್ತು, ಒಬ್ಬನಿಗೆ ಇದ್ದದ್ದು ಪೊರೆ. ನಾಲ್ಕನೆಯ ಮಗುವಿನ ಮನೆಯವರು ಊರು ಬಿಟ್ಟಿದ್ದರು, ಎಲ್ಲಿದ್ದಾರೋ ಗೊತ್ತಿಲ್ಲ. ನನ್ನ ಗೈಡ್ ಆ ಫೋಟೋಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಕೊನೆಯಲ್ಲಿ ‘ಸ್ಥಳೀಯ ಸ್ಟುಡಿಯೋ ಒಂದಕ್ಕೆ ವಂದನೆಗಳು’ ಎಂದಿದೆ. ಅದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ.

ಫ್ಯಾಕ್ಟರಿ ಗೇಟಿಗೆ ಹೋದ ದಿನವೇ ಸಂಜೆ ನಾಲ್ಕೂವರೆಗೆ ಮಕ್ಕಳ ಕಣ್ಣಿನ ಡಾಕ್ಟರು ಆ ಮಗುವನ್ನು ನೋಡಿದರು. ಪಾಪೆ ಅಗಲಿಸುವ ಔಷಧಿ ಹಾಕಿ, ಹಣೆಗೆ ದೀಪ ಕಟ್ಟಿಕೊಂಡು ಎಡಗಣ್ಣು ನೋಡಿದರು, ಬಲಗಣ್ಣು ನೋಡಿದರು, ಮತ್ತೆ ಎಡಗಣ್ಣು ನೋಡಿದರು. ಎಡಗಣ್ಣಿನ ಗಡ್ಡೆ ದೊಡ್ಡದಾಗಿದೆ, ಕಣ್ಣು ಉಳಿಸಲು ಪ್ರಯತ್ನಿಸುತ್ತೇವೆ, ಆದರೆ ಆ ಕಣ್ಣಿಗೆ ದೃಷ್ಟಿ ಬರುವುದಿಲ್ಲ ಎಂದರು. ಬಲಗಣ್ಣಿನಲ್ಲೂ ಸಾಸಿವೆಯಷ್ಟು ಒಂದು ಇತ್ತು. ಅದನ್ನು ಲೇಸರಿನಿಂದ ಸುಡಬಹುದು, ಆ ಕಣ್ಣು ಉಳಿಯುತ್ತದೆ ಎಂದರು.

ಆಮೇಲೆ ಕೈ ತೊಳೆಯುತ್ತಾ ತಾಯಿಯನ್ನು ಬೈಯತೊಡಗಿದರು. “ಏನಮ್ಮ, ಹೆತ್ತ ತಾಯಿ ನೀನು. ದಿನಾ ಎತ್ತಿ ಆಡಿಸ್ತೀಯಲ್ಲ, ಇಷ್ಟು ಬಿಳಿ ಕಣ್ಣಿಗೆ ಬೀಳಲಿಲ್ವಾ? ಒಂದು ಒಂದೂವರೆ ತಿಂಗಳು ಮುಂಚೆ ಬಂದಿದ್ರೆ ಎಡಗಣ್ಣಿಗೂ ಏನಾದ್ರೂ ಮಾಡಬಹುದಿತ್ತು.”

ಹುಡುಗಿ ಮಗುವನ್ನು ಎದೆಗೆ ಒತ್ತಿಕೊಂಡು ತಲೆ ತಗ್ಗಿಸಿದಳು. “ಬಿದ್ದಿತ್ತು ಡಾಕ್ಟ್ರೇ. ಮೊಬೈಲಲ್ಲಿ ತೆಗೆದಾಗ ಒಂದು ಕಣ್ಣು ಬೆಳ್ಳಗೆ ಬಂತು. ಎಲ್ರೂ ಮೊಬೈಲ್ ಸರಿ ಇಲ್ಲ ಅಂದ್ರು. ನಂಗೆ ಭಯ ಆಯ್ತು. ದೊಡ್ಡ ಕ್ಯಾಮೆರಾದಲ್ಲಿ ನೋಡೋಣ ಅಂತಾನೇ ಸ್ಟುಡಿಯೋಗೆ ಹೋದೆ. ಅದ್ರಲ್ಲಿ ಸರಿಯಾಗಿ ಬಂದಿತ್ತು. ಸದ್ಯ, ಏನೂ ಇಲ್ಲ ಅಂದ್ಕೊಂಡೆ.”

ಮಗುವಿನ ಹಾಲಿನ ಬಾಟಲಿ ಹಿಡಿದು ಬಾಗಿಲ ಹತ್ತಿರ ನಿಂತಿದ್ದ ಅತ್ತೆ ಎರಡು ಹೆಜ್ಜೆ ಮುಂದೆ ಬಂದಳು.

“ಅವಳನ್ನ ಬೈಬೇಡಿ ಡಾಕ್ಟ್ರೇ” ಎಂದಳು. “ಅವಳು ಕೇಳೋಕೆ ಅಂತಾನೇ ಬಂದಿದ್ಲು. ಏನೂ ಇಲ್ಲ ಅಂತ ಬರೆದುಕೊಟ್ಟವಳು ನಾನು.”